ಘಟಕ ನಾಲ್ಕು

ರಾಯಬಂದರಿನ ಜೆಟ್ಟಿಯಲ್ಲಿ ಹಾಜರಿ ಕೂಗಿದೆ.
ಮೂವತ್ತೆರಡರಲ್ಲಿ ಇಪ್ಪತ್ತೊಂಬತ್ತು.
ಚೋಡಣದ ಫೆರ್ರಿಯಲ್ಲಿ ಕಾಲ್ನಡೆಯವರಿಗೆ ಕಾಸಿಲ್ಲ,
ಅದೊಂದೇ ಖುಷಿ ಹುಡುಗರಿಗೆ.
ನನ್ನ ಚೀಲದಲ್ಲಿ ಉಪ್ಪಳೆಯುವ ಮೀಟರು, ಒಂದು ಬಿಸ್ಕತ್ತಿನ ಪೊಟ್ಟಣ,
ತಲೆಯಲ್ಲಿ ಹೋದ ವಾರ ಬರೆಸಿದ ವಾಕ್ಯ:
ಸುಸ್ಥಿರ ಕೃಷಿ ಎಂದರೆ, ಮುಂದಿನ ಪೀಳಿಗೆಯ ಅಗತ್ಯಗಳಿಗೆ
ಧಕ್ಕೆ ಬಾರದಂತೆ...
ಮೂರು ಅಂಕ.
ಹದಿನಾಲ್ಕು ವರ್ಷದಿಂದ ಅದೇ ವಾಕ್ಯ,
ಅದೇ ಜಾಗದಲ್ಲಿ ಅದೇ ಅಲ್ಪವಿರಾಮ.

ಒಡ್ಡಿನ ಮೇಲೆ ಕಾಯ್ತಾನ್ ನಿಂತಿದ್ದ,
ಮೊಣಕಾಲಿಗೆ ಹಳೇ ಸೈಕಲ್ ಟ್ಯೂಬು ಬಿಗಿದುಕೊಂಡು.
ಮೀಟರನ್ನು ಕಾಲುವೆಗೆ ಇಳಿಬಿಟ್ಟೆ.
ಅಂಕಿ ಓಡಿತು, ತಡವರಿಸಿತು, ಆರಿಹೋಯಿತು.
ಬ್ಯಾಟರಿ.
ಮುದುಕ ಬಗ್ಗಿ, ಬೆರಳದ್ದಿ, ನಾಲಗೆಗಿಟ್ಟು
‘ಇನ್ನೆರಡು ಜೋರು ಮಳೆ. ಆಮೇಲೆ ಬೀಜ’ ಅಂದ.
ಕೈ ಕೆಸರಾದರೆ ಬಾಯಿ ಮೊಸರು, ನಮ್ಮ ಗಾದೆ.
ಇವನ ಬಾಯಿಗೂ ಕೆಸರೇ.
ಹುಡುಗರು ನಕ್ಕರು. ಜೊವಿಟಾ ಮಾತ್ರ
ಯಾರೂ ನೋಡದಾಗ ಬೆರಳದ್ದಿ, ಮುಖ ಕಿವುಚಿ, ಉಗುಳಿದಳು.

ತೂಬಿನ ಬಾಗಿಲಿಗೆ ಇಲ್ಲಿ ಮಾನಸ್ ಅನ್ನುತ್ತಾರೆ.
ಮೊದಲ ಸಲ ನನ್ನ ಕನ್ನಡದ ಕಿವಿಗೆ ಮನಸ್ಸು ಅಂತ ಕೇಳಿಸಿತ್ತು.
ಹೊಳೆ ಉಬ್ಬಿದರೆ ಹೊಳೆಯೇ ನೂಕಿ ಮುಚ್ಚುವ,
ಹೊಳೆ ತಗ್ಗಿದರೆ ಗದ್ದೆಯ ನೀರೇ ನೂಕಿ ತೆರೆವ ಹಲಗೆ.
ಚಿಲಕವಿಲ್ಲ.

ಅವನು ಅಂಗೈಗೆ ಸುರಿದ ಭತ್ತದ ಹೆಸರು ಕೊರ್ಗುಟ್.
ಆ ಮೀಸೆ ಚುಚ್ಚಿದ ಕೂಡಲೇ ಗುರುತು ಹತ್ತಿತು.
ಇದರ ದಾಯಾದಿಗೆ ನಮ್ಮಲ್ಲಿ ಕಗ್ಗ ಅಂತ ಹೆಸರು,
ಇವರ ಖಾಜನ್ ನಮ್ಮ ಗಜನಿ.
ಅಘನಾಶಿನಿ ದಡದಲ್ಲಿ ಅದರ ಕೆಂಪು ಗಂಜಿ ಕುಡಿದೇ
ಮೈಗೆ ಮಾಂಸ ಬಂದದ್ದು ನನಗೆ.
ಪಿಎಚ್‌ಡಿ ಬಂದದ್ದು ಮಾತ್ರ ಬೇರೆ ತಳಿಯಿಂದ.
ಗಿಡ್ಡ ಪೈರು, ದುಪ್ಪಟ್ಟು ಇಳುವರಿ.
ಮೂರನೇ ವರ್ಷ ಒಡ್ಡು ಒಡೆದು ಉಪ್ಪು ನುಗ್ಗಿತು,
ಪೈರು ಬಿಳುಚಿ ಮಲಗಿತು.
ಪುಟ ನೂರಾ ಹನ್ನೆರಡು, ಅಡಿಟಿಪ್ಪಣಿ:
‘ಅಸಹಜ ಹಂಗಾಮಾದ್ದರಿಂದ ಆ ವರ್ಷವನ್ನು ಕೈಬಿಡಲಾಗಿದೆ.’
ಕೈಬಿಟ್ಟ ಕೈ ಇದೇ.
ಮೀಸೆ ಇನ್ನೂ ಚುಚ್ಚುತ್ತಿತ್ತು.

ಕಾಯ್ತಾನ್ ಒಡ್ಡಿನ ಬುಡದ ಏಡಿಬಿಲ ತೋರಿಸುತ್ತಿದ್ದ.
ಬೆರಳಗಲದ ತೂತು, ಒಂದು ಉಬ್ಬರ ಸಾಕು,
ಇಡೀ ಬಯಲಿಗೆ ಸಮುದ್ರ.
ಸಿದ್ಧೇಶ ವೆಳಿಪ, ಕೊನೇ ಬೆಂಚು, ಹಾಜರಿ ಶೇಕಡಾ ಐವತ್ತು,
ಕೈ ಎತ್ತಿದ: ‘ಮ್ಯಾಮ್, ಇದು ಪರೀಕ್ಷೆಗೆ ಬರುತ್ತಾ?’
ನಾನು ಬಾಯಿ ತೆರೆಯುವ ಮೊದಲೇ ಮುದುಕ ಅಂದ:
‘ಅಮಾವಾಸ್ಯೆಗೆ ಬರುತ್ತೆ.’

ಬಂತು.
ಆಷಾಢದ ಕೊನೆಯ ಕತ್ತಲು, ನಾಲ್ಕು ಟಾರ್ಚು, ಐದು ಜನ.
ಎಡಕ್ಕೆ ಹೊಳೆ ನಮ್ಮ ಪಾದದ ಮಟ್ಟಕ್ಕೆ,
ಬಲಕ್ಕೆ ಎಳೆ ಪೈರು, ಆಳು ಎತ್ತರ ಕೆಳಗೆ.
ನಡುವೆ ಮಣ್ಣು, ಅದರ ಮೇಲೆ ನಾವು ಮತ್ತು ನಮ್ಮ ಪಠ್ಯಕ್ರಮ.
ಎಲ್ಲೋ ಗುಳುಗುಳು.
ಸಿದ್ಧೇಶ ಬೋರಲು ಮಲಗಿ ಭುಜದವರೆಗೆ ತೋಳು ತೂರಿಸಿ
‘ಸಿಕ್ತು’ ಅಂದವನೇ ಕಿರುಚಿದ.
ಜೊವಿಟಾ ಹುಲ್ಲು ಕಲಸಿದ ಜೇಡಿಯ ಮುದ್ದೆ ತುರುಕಿದಳು,
ಮುದುಕ ಹಿಮ್ಮಡಿಯಿಂದ ತುಳಿದ,
ಸದ್ದು ನಿಂತಿತು.
ವಾಪಸು ನಡೆವಾಗ ಆ ಮೂರನೇ ವರ್ಷದ ಕತೆ
ಹುಡುಗರಿಗೆ ಹೇಳಿದೆ. ಕತ್ತಲಿತ್ತು, ಸುಲಭವಾಯಿತು.
‘ಅಂದರೆ ನಿಮ್ಮದು ಕಾಪಿ ಕೇಸಾ ಮ್ಯಾಮ್?’
ಅಲ್ಲವೋ, ಅದಕ್ಕಿಂತ ಅಚ್ಚುಕಟ್ಟು.

ನವೆಂಬರಿಗೆ ನಾನು ಕೊಟ್ಟ ಪ್ರಶ್ನೆ
ಒಡ್ಡಿನ ಬುಡದಲ್ಲಿ ಗುಳುಗುಳು ಕೇಳಿದರೆ ಏನು ಮಾಡುವಿರಿ?
ಕೆಂಪು ಶಾಯಿ ಹೊತ್ತು ತಿರುಗಿ ಬಂತು:
ಉತ್ತರ ಪಠ್ಯದಲ್ಲಿಲ್ಲ.
ಬದಲಿಗೆ ವ್ಯಾಖ್ಯೆ. ಮೂರು ಅಂಕ.

ಸಿದ್ಧೇಶನ ಉತ್ತರಪತ್ರಿಕೆ ತೆರೆದೆ.
ವಾಕ್ಯ ಸರಿಯಿದೆ, ಅಲ್ಪವಿರಾಮ ಅದರ ಜಾಗದಲ್ಲೇ ಇದೆ,
ಅಕ್ಷರ ಮಾತ್ರ ಸೊಟ್ಟ.
ತೋರುಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲವಂತೆ.