ಎಷ್ಟು ಎಕರೆಗೆ

ಕಟ್ಟಿನಕೆರೆ ಮಾರುಕಟ್ಟೆ ಹಿಂದಿನ ಗೊಬ್ಬರದಂಗಡಿಯಲ್ಲಿ
ಕಾಲು ಕೇಜಿ ಜಿಂಕ್ ಸಲ್ಫೇಟು ಕೇಳಿದೆ.
ಹೊನ್ನೇಗೌಡರು ತಕ್ಕಡಿ ಮುಟ್ಟಲಿಲ್ಲ.
"ಆಲೂಗೆಡ್ಡೆಗಾ, ಶುಂಠಿಗಾ? ಎಷ್ಟ್ ಎಕ್ರೆಗಮ್ಮ?
ಕಾಲು ಕೇಜಿ ಯಾವ ಹೊಲಕ್ಕೂ ಸಾಲಲ್ಲ."

ಏನು ಹೇಳಲಿ?
ಸೂಜಿಮೊನೆ ಊರುವಷ್ಟು ಜಾಗದಲ್ಲಿ
ಕೋಟಿಗಟ್ಟಲೆ ಹಿಡಿಸುವ ಹೊಲ ಅದು,
ಐವತ್ತೇ ಮಣಿಯ ಒಂದು ಸರ,
ಹೆಸರು ಸಿ-ಒನ್, ರೈಲುಬೋಗಿಗೆ ಇಟ್ಟ ಹಾಗೆ.
"ಕುಂಡದ ಗಿಡಕ್ಕೆ" ಅಂದೆ.
ಸುಳ್ಳು ಹೇಳುವಾಗ ನನಗೆ ಕಿವಿ ಬಿಸಿಯಾಗುತ್ತದೆ.

ನಡೆದದ್ದು ಇಷ್ಟು.
ಗುಲ್ನಾಜ್ ನಾಲ್ಕು ತಿಂಗಳು ದುಡಿದು ತೆಗೆದ ಪ್ರೋಟೀನಿಗೆ
ಮೊನ್ನೆ ನಾನೇ, ಅವಳ ಗೈಡು,
ತಪ್ಪು ಸೀಸೆಯಿಂದ ಇಡಿಟಿಎ ಸುರಿದೆ.
ಅದು ಇದ್ದಬದ್ದ ಸತುವನ್ನೆಲ್ಲ ಹುಡುಕಿ ಕಿತ್ತುಕೊಂಡಿತು,
ಮದುವೆ ಮುಗಿದ ಮೇಲೆ ಶಾಮಿಯಾನದವರು ಗೂಟ ಕಿತ್ತ ಹಾಗೆ.
ಬೆಳಗಾಗುವುದರಲ್ಲಿ ತಿಳಿನೀರು ಒಡೆದ ಹಾಲು.
ಅವಳು ಏನೂ ಅನ್ನಲಿಲ್ಲ. ಅದೇ ಕಷ್ಟ.

ಇಲಾಖೆಯ ಜಿಂಕ್ ಕ್ಲೋರೈಡು ಕಪಾಟಿನಲ್ಲೇ
ತೇವ ಕುಡಿದು ತಾನೇ ನೀರಾಗಿತ್ತು.
ಹೊಸದಕ್ಕೆ ಮೂರು ಕೊಟೇಶನ್ನು, ಪ್ರಿನ್ಸಿಪಾಲರ ಸಹಿ, ಆರು ವಾರ.
ಅಟೆಂಡರ್ ಜವರಯ್ಯನೇ ಹೇಳಿದ್ದು:
"ಸತು ತಾನೆ ಮೇಡಂ? ನಮ್ಮೂರಲ್ಲಿ ಶುಂಠಿಗೆ ಹಾಕ್ತಾರೆ."

ಗೌಡರೇ, ಆಗ ಹೇಳಲಾಗದ್ದು ಈಗ ಹೇಳುತ್ತೇನೆ.
ಜೀವಕೋಶದ ಹೊರಗೆ ಯಾರೋ ಬಾಗಿಲು ತಟ್ಟುತ್ತಾರೆ,
ಒಳಗೆ ಬರುವುದಿಲ್ಲ.
ತಟ್ಟಿದ್ದಕ್ಕೆ ಗೋಡೆಯೊಳಗಿನ ಕೊಬ್ಬಿನ ಕಣವೊಂದು ಸೀಳಿ
ಗೋಡೆಯಲ್ಲೇ ಉಳಿಯುತ್ತದೆ, ಜಿಡ್ಡು ಬೆರಳಿನ ಗುರುತಿನಂತೆ.
ಅಷ್ಟೇ ಸುದ್ದಿ.
ಗುರಿಯಿಲ್ಲದೆ ತೇಲುತ್ತಿದ್ದ ನನ್ನ ಸರ
ಆ ಗುರುತಿಗೆ ಮೂಗು ಊರಿ ನಿಲ್ಲುತ್ತದೆ;
ಅದರ ಬಾಲಕ್ಕೆ ಕಟ್ಟಿದ ಕಿಣ್ವ ಎಚ್ಚರಾಗಿ
ಪಕ್ಕದವರಿಗೆ, ಅವರು ಅವರ ಪಕ್ಕದವರಿಗೆ:
ಬೆಳೆ, ಇಬ್ಬರಾಗು, ಸುಮ್ಮನಿರು, ಸಾಯಿ.

ಇದರಲ್ಲಿ ಸತುವಿನ ಕೆಲಸವೇನು ಅಂದರೆ
ಏನೂ ಇಲ್ಲ.
ತಟ್ಟುವುದಿಲ್ಲ, ಓಡುವುದಿಲ್ಲ, ಸುದ್ದಿ ಅದರ ಕಿವಿಗೆ ಬಿದ್ದೇ ಇಲ್ಲ.
ನಾಲ್ಕು ಕೈ ಹಿಡಿದುಕೊಂಡು ಮಡಿಪಿನೊಳಗೆ ಕೂತಿರುತ್ತದೆ,
ಮೂರು ಕೈ ಗಂಧಕದವು, ಒಂದು ಬೇರೆ ಕುಲದ್ದು.
ಅದು ಕೂತಿರುವುದರಿಂದ ಮೂಗಿಗೆ ಮೂಗಿನ ಆಕಾರ.

ಇಡಿಟಿಎ ತೊಳೆದೆವು. ಯೂರಿಯಾದಲ್ಲಿ ಕರಗಿಸಿದೆವು
(ಯೂರಿಯಾ ಮಾತ್ರ ನಮ್ಮಲ್ಲೇ ಇತ್ತು, ಗೌಡರೇ).
ನಿಮ್ಮ ಪೊಟ್ಟಣದ ಹರಳು, ಮೂರು ಸಲ ಸೋಸಿದರೂ
ಒಂಚೂರು ಮಣ್ಣಿನ ಬಣ್ಣ ಬಿಡದ್ದು,
ಚಿಟಿಕೆಯಲ್ಲಿ ಚಿಟಿಕೆ ಹಾಕಿ ತಣ್ಣಗಿಟ್ಟೆವು.
ರಾತ್ರಿ ಎರಡು ಸಲ ಕರೆಂಟು ಹೋಯಿತು.
ಜವರಯ್ಯ ಮೀನಂಗಡಿ ಎಬ್ಬಿಸಿ ಮಂಜುಗಡ್ಡೆ ತಂದ.

ಬೆಳಗ್ಗೆ ಗುಲ್ನಾಜ್ ನಳಿಕೆಯನ್ನು ಕಿಟಕಿಗೆ ಹಿಡಿದಳು.
ಮುಕ್ಕಾಲು ಪಾಲು ತಳದಲ್ಲಿ ಬಿಳಿಯಾಗಿಯೇ ಇತ್ತು.
ಮೇಲಿನ ಕಾಲು ಪಾಲು
ಆಚೆ ನಿಂತ ಅರಸೀಕೆರೆ ಬಸ್ಸಿನ ಬೋರ್ಡು ಕಾಣುವಷ್ಟು ತಿಳಿ.
"ಸಾಕು ಮೇಡಂ," ಅಂದಳು, "ಇಷ್ಟರಲ್ಲೇ ಮಾಡ್ತೀನಿ."

ಉಳಿದ ಪೊಟ್ಟಣ ಇನ್ನೂ ನನ್ನ ಚೀಲದಲ್ಲಿದೆ.
ಒಂದು ಕುಂಡ ಕೊಳ್ಳಬೇಕು, ಒಂದು ಗಿಡ.