ಕೊಠಡಿ ಸಂಖ್ಯೆ ಹದಿನಾಲ್ಕು

ಸೋಮವಾರ ಆದೇಶ ಬಂತು:
ಇತಿಹಾಸದ ಅತಿಥಿ ಉಪನ್ಯಾಸಕರೇ
ಇನ್ನು ಮುಂದೆ ವಿದ್ಯಾರ್ಥಿಗಳ ಆಪ್ತ ಸಮಾಲೋಚಕರು.
ಸಂಬಳದ ಮಾತಿಲ್ಲ ಅದರಲ್ಲಿ.
ನಾಲ್ಕು ತಿಂಗಳ ಹಳೆಯದೇ ಬಂದಿಲ್ಲ;
ಅತಿಥಿಯಾದವನು ಲೆಕ್ಕ ಕೇಳಬಾರದು ತಾನೆ.

ವಿರಾಜಪೇಟೆಯ ನಮ್ಮ ಕೇಂದ್ರದಲ್ಲಿ
ಬೀಗದ ಕೈ ಇರುವುದು ಅಟೆಂಡರ್ ದೇಚಮ್ಮಕ್ಕನ ಸೊಂಟದಲ್ಲಿ.
ತೆರೆದರೆ
ಮೂರು ಕಾಲಿನ ಬೆಂಚುಗಳು,
ಮೌಲ್ಯಮಾಪನ ಮುಗಿದು ಯಾರಿಗೂ ಬೇಡವಾದ
ಉತ್ತರ ಪತ್ರಿಕೆಗಳ ಕಟ್ಟು,
ತಿರುಗದ ಒಂದು ಭೂಗೋಳ,
ಆಫ್ರಿಕಾದ ಹೊಟ್ಟೆಗಂಟಿ ಹಲ್ಲಿಯ ಮೊಟ್ಟೆ.
ಹೊಸದೆಂದರೆ ರಿಜಿಸ್ಟರ್ ಮಾತ್ರ.
ಹೆಸರು, ತರಗತಿ, ಸಮಸ್ಯೆ, ಪರಿಹಾರ:
ಕೊನೆಯ ಕಾಲಂ ಎಲ್ಲಕ್ಕಿಂತ ಸಣ್ಣದು.

ಹತ್ತು ದಿನ ನರಪಿಳ್ಳೆ ಬರಲಿಲ್ಲ.
ಹನ್ನೊಂದನೆಯ ದಿನ ಬಂದವಳು
ವೈ.ಎಂ. ಬೊಳ್ಳಿ, ಎಂ.ಎ. ಮೊದಲ ವರ್ಷ,
ಮಾಲ್ದಾರೆಯಾಚೆ ಎಸ್ಟೇಟಿನ ಲೈನ್‌ಮನೆ.
ಅರ್ಧ ದಿನದ ತರಬೇತಿಯಲ್ಲಿ
ಬನ್ನು, ಪೆನ್ನಿನ ಜೊತೆ ಕೊಟ್ಟಿದ್ದ ಹಾಳೆ ನೋಡಿ ಕೇಳಿದೆ:
ಏನಮ್ಮ ಕಾಡುತ್ತಿದೆ ನಿನ್ನನ್ನು?

ಆನೆ, ಸರ್.

ತಮಾಷೆಯ ಮುಖವಲ್ಲ ಅದು.
ಹಣ್ಣು ಕಾಫಿಯ ರುಚಿ ಹತ್ತಿದ ಒಂಟಿ ಆನೆ,
ರಾತ್ರಿಯಿಡೀ ಗೋಡೆಯಾಚೆ ಅದರ ಉಸಿರು.
ಹನ್ನೆರಡು ಮನೆಯವರು ಸರದಿಯಲ್ಲಿ ತಗಡು ಬಡಿಯಬೇಕು,
ಇವಳ ಪಾಳಿ ಎರಡರಿಂದ ನಾಲ್ಕು.
ಬೆಳಿಗ್ಗೆ ಅದೇ ಆನೆ ರಸ್ತೆಯಲ್ಲಿ ನಿಂತರೆ ಬಸ್ಸಿಲ್ಲ,
ಬಸ್ಸಿಲ್ಲದಿದ್ದರೆ ಮೊದಲ ಪೀರಿಯಡ್ ಇಲ್ಲ.
ಮೊದಲ ಪೀರಿಯಡ್ ನನ್ನದು.
ಹದಿನೇಳು ಸಲ ಗೈರು ಎಂದು
ಗೀಚಿದ್ದು ಈ ಕೈ.

ಆಮೇಲೆ ಶುಲ್ಕ.
ಅದನ್ನವಳು ರೂಪಾಯಿಯಲ್ಲಿ ಹೇಳಲಿಲ್ಲ:
ಪರೀಕ್ಷೆಗೆ ಮುನ್ನೂರು ಕಿಲೋ, ಸರ್,
ದಿನಕ್ಕೆ ಎಪ್ಪತ್ತು ಕುಯ್ದರೆ ನಾಲ್ಕು ದಿನ, ಮೇಲಿಷ್ಟು.
ಆ ನಾಲ್ಕು ದಿನವೂ ಗೈರು.
ವಿದ್ಯಾರ್ಥಿ ವೇತನ ಒಂದಕ್ಷರಕ್ಕೆ ಸಿಕ್ಕಿಕೊಂಡಿದೆ,
ಅಂಕಪಟ್ಟಿಯಲ್ಲಿ ಬೊಳ್ಳಿ, ಬ್ಯಾಂಕಿನಲ್ಲಿ ಬೆಳ್ಳಿ.
ತಿದ್ದಿದವರು ಒಳ್ಳೆಯ ಕನ್ನಡದವರೇ ಇರಬೇಕು.

ನಾನು ಹಾಳೆ ಮಗುಚಿದೆ. ಹಿಂದೆ ಖಾಲಿ.
ಅವಳೇ ಕೇಳಿದಳು, ಬೆಂಚು ನೋಡುತ್ತ:
ಸರ್, ಅರ್ಧ ಗಂಟೆ ಇಲ್ಲಿ ಮಲಗಲಾ?

ಮುರಿದ ಕಾಲಿನಡಿ ಉತ್ತರ ಪತ್ರಿಕೆಗಳ ಕಟ್ಟಿಟ್ಟೆವು.
ದೇಚಮ್ಮಕ್ಕ ಬಾಗಿಲಲ್ಲಿ ಸ್ಟೂಲು ಹಾಕಿ
ಸಂಜೆಯ ಸೊಪ್ಪು ಸೋಸುತ್ತ ಕೂತರು.
ಉಗುರಂಚಿನ ಕಾಫಿ ಕರೆ ಒಳಗೆ ಮಡಚಿಕೊಂಡು
ಬ್ಯಾಗಿನ ಮೇಲೆ ಕೆನ್ನೆಯಿಟ್ಟಳು, ಅಷ್ಟೇ;
ಗಂಟೆ ಬಾರಿಸಿದ್ದೂ ಕೇಳಲಿಲ್ಲ.
ಸಮಸ್ಯೆಯ ಕಾಲಂ ಬಿಟ್ಟು
ಪರಿಹಾರದಲ್ಲಿ ಬರೆದೆ: ನಲವತ್ತು ನಿಮಿಷ.

ಸುದ್ದಿ ಹೇಗೆ ಹರಡಿತೋ.
ಹಾಸ್ಟೆಲಿನಲ್ಲಿ ಸೀಟು ಸಿಗದೆ
ಪೆಟ್ರೋಲ್ ಬಂಕಿನ ರಾತ್ರಿ ಪಾಳಿಗೆ ಸೇರಿದ ಹುಡುಗ,
ಕುಟ್ಟದಿಂದ ಎರಡು ಬಸ್ಸು ಬದಲಿಸುವ ಹುಡುಗಿ,
ಏನೂ ಹೇಳದೆ ಗೋಡೆ ಕಡೆ ತಿರುಗಿ ಅತ್ತು
ಹಾಗೇ ನಿದ್ದೆಹೋದ ಇನ್ನೊಬ್ಬ.
ಹೆಣ್ಣುಮಕ್ಕಳಿಗೆ ಬೆಳಗು, ಗಂಡುಮಕ್ಕಳಿಗೆ ಮಧ್ಯಾಹ್ನ;
ವೇಳಾಪಟ್ಟಿ ದೇಚಮ್ಮಕ್ಕನದು.

ಪ್ರಾಂಶುಪಾಲರು ವರದಿ ಕೇಳಿದರು.
ಎಷ್ಟು ಮಂದಿ? ಇಪ್ಪತ್ತೊಂದು, ಸರ್.
ಏನು ಹೇಳಿದರು? ಹೆಚ್ಚಿನವರು ಗೊರಕೆ.
ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.
ಕೊಠಡಿ ಮುಚ್ಚಿ ಅನ್ನಲಿಲ್ಲ. ಮುಂದುವರಿಸಿ ಅಂತಲೂ ಅನ್ನಲಿಲ್ಲ.

ಹದಿನೇಳರಲ್ಲಿ ಹತ್ತನ್ನಾದರೂ ತಿದ್ದೋಣವೆಂದು ಹೋದೆ.
ಹಾಜರಾತಿ ಕಂಪ್ಯೂಟರಿನಲ್ಲಿದೆ,
ಮೂವತ್ತಕ್ಕೆ ತಾನೇ ಬೀಗ ಜಡಿದುಕೊಂಡಿದೆ;
ಆ ಬೀಗದ ಕೈ ದೇಚಮ್ಮಕ್ಕನ ಗೊಂಚಲಲ್ಲಿಲ್ಲ.

ಇವತ್ತು ಸೂಚನಾ ಫಲಕದಲ್ಲಿ
ಪರೀಕ್ಷೆಗೆ ಕೂರುವಂತಿಲ್ಲದವರ ಪಟ್ಟಿ.
ಆರನೆಯ ಹೆಸರು: ವೈ.ಎಂ. ಬೆಳ್ಳಿ.

ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡು
ಆಫೀಸಿನ ಮೆಟ್ಟಿಲು ಹತ್ತುತ್ತಿದ್ದೇನೆ ಈಗ,
ಕೈಯಲ್ಲಿ ಅವಳ ಅಂಕಪಟ್ಟಿಯ ಜೆರಾಕ್ಸ್.
ಅಂಥ ಹೆಸರಿನವರು
ನಮ್ಮಲ್ಲಿ ಯಾರೂ ಓದುತ್ತಿಲ್ಲ ಎಂದು
ಲಿಖಿತದಲ್ಲಿ ಕೊಡಲು.