ನಡುವಿನ ನಲವತ್ತು ಮೀಟರ

ಸೊಲ್ಲಾಪುರ, ಅಕ್ಕಲಕೋಟ ರೋಡಿನ ಕಾರಖಾನಿ, ಮೂರನೇ ಲೈನು.
ಬರಿಮೈ ತಾಮ್ರ ಉರುಳಿ ಉರುಳಿ ಬರ್ತದ,
ಡೊಂಕು ತಿದ್ದೋ ಗಾಲಿಗಳ ನಡುವ ಹಾದು
ಡೈಯೊಳಗ ಹೊಕ್ಕು ಹೊರಬೀಳೂದರಾಗ
ಅಂಗಿ ತೊಟ್ಟಿರ್ತದ.
ಹೊಲಿಗಿ ಇಲ್ಲ, ಗುಂಡಿ ಇಲ್ಲ.
ಮುಂದ ಉದ್ದಾನ ನೀರಿನ ದೋಣಿ, ಸುಡೂ ಮೈ ಆರ್ಲಿಕ್ಕ.

ಹಾಪರಿಗೆ ಕಾಳು ಸುರಿಯೂದು ನನ್ನ ಪಾಲಿಂದು.
ಜ್ವಾಳದ ಕಾಳಿನಷ್ಟ, ಆದರ ವಾಸನಿ ಹೊಸ ಚಪ್ಪಲಿದು.
ಒಣಗಿಸದ ಹಾಕಿದರ ಪಸಿ ಒಳಗ ಕುದ್ದು
ಗುಳ್ಳಿ ಏಳ್ತದ, ಹಪ್ಪಳದಾಗ ಎದ್ದಂಗ.

ಮಾಣಿಕಪ್ಪ ಮಾಮಾ ತಾಸಿಗೊಮ್ಮೆ
ತಂತಿ ತುಂಡ ಬಿಲ್ಲಿ ಮಾಡಿ ಭೂತಗನ್ನಡಿ ಹಿಡೀತಾನ.
"ನೋಡವ್ವಾ ಸುಗಲಾ, ಕಣ್ಣಿನ ಗೊಂಬಿ ನಡುಕ ಅದ ಇಲ್ಲೋ?"
ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರ
ಮೆಳ್ಳಗಣ್ಣು.
ಡೈಗೆ ನಾಕು ಬೋಲ್ಟು: ಇದು ಬಿಗಿ, ಅದರೆದುರಿಂದು ಸಡ್ಲ,
ಕಾಲು ಸುತ್ತು, ಅಷ್ಟ.
ಹೆಚ್ಚಾದರ ಬೈಯೂದು ಮರಾಠಿಯೊಳಗ.
ಸುತ್ತು ಎಣಿಸೂದು ಮಾತ್ರ ಕನ್ನಡದಾಗ.

ಕಡೀಕ ಮಣಿಸರದ ಪರದೆ.
ಆರು ಸಾವಿರ ವೋಲ್ಟು ತುಂಬಿಕೊಂಡು ತಂತಿಯ ಮೈ ಸವರ್ತದ.
ಸೂಜಿ ಮೊನಿಯಷ್ಟು ಬೆತ್ತಲಿದ್ದರೂ
ಚಿಟ್ — ನೀಲಿ ಕಿಡಿ, ಮ್ಯಾಲ ಕೆಂಪು ದೀಪ,
ಸುಪರವೈಜರ ಕುರ್ಚಿ ಸರಿಸಿದ ಸಪ್ಪಳ.
ಇಷ್ಟು ಮಣಿ ಇದ್ದರೂ
ಮುಖ ನೋಡಿ ಮಣಿ ಹಾಕೂದಿಲ್ಲ ಅದು.

ಬುಧವಾರ ಕೆಂಪು ಮುಗಿದು ಹಳದಿ.
ಮಶೀನ ನಿಲ್ಲೂದಿಲ್ಲ. ಕೆಂಪು ತೀರೂದರಾಗ ಹಳದಿ ಸುರೀಬೇಕು.
ಒಳಗ ಎರಡೂ ಒಂದರ ಮೈ ಒಂದು ತಿಕ್ಕಿ
ಹೊರಗ ಬರೋ ನಲವತ್ತು ಮೀಟರ
ಕೆಂಪೂ ಅಲ್ಲ, ಹಳದೀನೂ ಅಲ್ಲ.
ತುಕ್ಕು? ಹಣ್ಣಾದ ಹುಣಸಿ? ಕುಂಕುಮ ಬಿದ್ದ ಅರಿಷಿಣ?
ರಜಿಸ್ಟರದಾಗ ಒಂದ ಹೆಸರು: ಭಂಗಾರ.

ಅದರಾಗಿಂದ ಒಂಬತ್ತು ಮೀಟರ ಮನೀಗೆ ತಂದೆ.
ತಾಮ್ರದ ರೊಕ್ಕ ಪಗಾರದಾಗ ಮುರಕೊಂಡರು,
ಬಣ್ಣದ್ದು ಬಿಟ್ಟರು.
ಮೈಂದರ್ಗಿಯೊಳಗ, ಹಿತ್ತಲ ಗ್ವಾಡಿಯಿಂದ ಬೇವಿನ ಗಿಡಕ್ಕ ಕಟ್ಟೀನಿ.
ತುಕ್ಕು ಹಿಡಿಯೂದಿಲ್ಲ, ಬಿಳಿ ಅಂಗಿಗೆ ಕಲಿ ಹತ್ತೂದಿಲ್ಲ.

ಬಾಜು ಮನಿ ಮಹಬೂಬಿ ಕೇಳಿದಳು:
"ಯಾವ ಬಣ್ಣದ್ದವ್ವಾ ಇದು?"
ಹಸಿ ಸೀರಿ ಹಿಂಡಿಕೋತ ನಿಂತೆ.
ಗ್ವಾಡಿ ಕಡೆ ತುದಿ ತೋರಿಸಿ
"ಇಲ್ಲಿ ಇನ್ನಾ ಒಂದೀಟು ಕೆಂಪು ಅದ" ಅಂದೆ.
ಆಕಿ ತಂತಿ ಮ್ಯಾಲ ಬೆರಳಿಟ್ಟು
ಬೇವಿನ ಗಿಡದ ತನಕ
ಸಾವಕಾಶ ನಡದಳು.